ಲಾಂಛನ ಕಿರಿದಾಗಲಿ, ಬರೆಯುವ ಜಾಗ ಹಿರಿದಾಗಲಿ

(ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ ಸಂಘ ಸಂಸ್ಥೆಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮಲೆನಾಡಿನಿಂದ ಪರಿಸರದ ಹೆಸರಿನಲ್ಲಿ ಮಾತನಾಡಲು ಬಂದವರು ಸಾಮಾನ್ಯವಾಗಿ ಕಾಡು, ನದಿ, ಅಣೆಕಟ್ಟು, ಗಣಿಗಳ ವಿಚಾರವನ್ನೇ ಎತ್ತಿಕೊಳ್ಳುತ್ತಾರೆ. ಇಂದು ನಾನು ಆಯ್ದುಕೊಂಡಿರುವ ವಿಷಯ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನಮ್ಮ ನಮ್ಮ ಸಂಸ್ಥೆಗಳ ಅರ್ಜಿ, ರಸೀದಿ, ಬಿಲ್ಲು, ವಾರ್ಷಿಕ ವರದಿ ಇವುಗಳ ನೆತ್ತಿಯ ಮೇಲೆ ಮುದ್ರಿಸುವ ಲಾಂಛನ ಎಷ್ಟು ದೊಡ್ಡದಿರಬೇಕು ಎಂಬುದೇ ಆ ವಿಷಯ. ಇದು ಕೇವಲ ಅಲಂಕಾರದ ಪ್ರಶ್ನೆಯೆಂದು ತಾವು ಭಾವಿಸಬಹುದು. ಆದರೆ ಕಾಗದದ ಖರ್ಚು, ಶಾಯಿಯ ಖರ್ಚು, ಕಂಪ್ಯೂಟರಿನ ವೇಗ, ಎಲ್ಲಕ್ಕಿಂತ ಮಿಗಿಲಾಗಿ ಅರ್ಜಿ ತುಂಬುವವರ ಅನುಕೂಲ, ಇವೆಲ್ಲವೂ ಆ ಚಿಕ್ಕ ಚಿತ್ರದ ಅಳತೆಗೆ ಕಟ್ಟುಬಿದ್ದಿವೆ ಎಂಬುದನ್ನು ಲೆಕ್ಕ ಸಮೇತ ತಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ಈ ಮಾತನ್ನು ಈಗಲೇ ಏಕೆ ಆಡಬೇಕು? ಅದಕ್ಕೆ ಕಾರಣ ನಿಮ್ಮ ಜಿಲ್ಲೆಯಲ್ಲಿಯೇ ಇದೆ. 2007ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಅಂದು ಇಲ್ಲಿನ ಪ್ರತಿಯೊಂದು ಕಚೇರಿಯ, ಪ್ರತಿಯೊಂದು ಸಂಘದ ಕಾಗದಪತ್ರಗಳ ತಲೆಬರಹವೂ ಬದಲಾಗಬೇಕಾಯಿತು. 2025ರ ಮೇ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟವು ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲು ಒಪ್ಪಿತು. ಹದಿನೆಂಟು ವರ್ಷಗಳೊಳಗೆ ಎರಡನೆಯ ಬಾರಿಗೆ ತಲೆಬರಹ ಬದಲಾಗುತ್ತಿದೆ. ಹೆಸರು ಬದಲಾದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಹೊಸ ನಮೂನೆಗಳನ್ನು ಅಚ್ಚು ಹಾಕಿಸುವ ಕಾಲ ಬಂದಾಗ ಹಳೆಯ ಅಚ್ಚನ್ನೇ ಕಣ್ಣುಮುಚ್ಚಿ ನಕಲು ಮಾಡುವ ಬದಲು ಒಮ್ಮೆ ಸ್ಕೇಲು ಹಿಡಿದು ಅಳೆದು ನೋಡೋಣ ಎಂಬುದಷ್ಟೇ ನನ್ನ ವಿನಂತಿ.

ಮೊದಲಿಗೆ ಕಾಗದದ ಲೆಕ್ಕವನ್ನು ನೋಡೋಣ. ನಾವೆಲ್ಲ ಬಳಸುವ ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಎತ್ತರ 29.7 ಸೆಂಟಿಮೀಟರ್. ಮೇಲೆ ಕೆಳಗೆ ಎರಡೆರಡು ಸೆಂಟಿಮೀಟರ್ ಅಂಚು ಬಿಟ್ಟರೆ ಉಳಿಯುವುದು 25.7 ಸೆಂಟಿಮೀಟರ್. ಬಹುತೇಕ ಸಂಘಗಳ ಅರ್ಜಿ ನಮೂನೆಯಲ್ಲಿ ನಡುಮಧ್ಯದಲ್ಲಿ ನಾಲ್ಕು ಸೆಂಟಿಮೀಟರ್ ಎತ್ತರದ ಲಾಂಛನ, ಅದರ ಕೆಳಗೆ ದಪ್ಪಕ್ಷರದಲ್ಲಿ ಸಂಘದ ಹೆಸರು, ಅದರ ಕೆಳಗೆ ನೋಂದಣಿ ಸಂಖ್ಯೆ ಮತ್ತು ವಿಳಾಸ ಇರುತ್ತವೆ. ಇಷ್ಟರಲ್ಲೇ ಆರೂವರೆ ಸೆಂಟಿಮೀಟರ್ ಮುಗಿಯಿತು. ಉಳಿದದ್ದು 19.2 ಸೆಂಟಿಮೀಟರ್. ಕೈಬರಹದಲ್ಲಿ ತುಂಬಲು ಒಂದು ಸಾಲಿಗೆ ಎಂಟು ಮಿಲಿಮೀಟರ್ ಬೇಕೆಂದಿಟ್ಟುಕೊಂಡರೆ 24 ಸಾಲುಗಳು ಸಿಕ್ಕವು. ಈಗ ಅದೇ ಲಾಂಛನವನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿ ಎಡಗಡೆಗೆ ಸರಿಸಿ, ಅದರ ಪಕ್ಕದಲ್ಲಿಯೇ ಹೆಸರು, ವಿಳಾಸಗಳನ್ನು ಕೂರಿಸಿದರೆ ತಲೆಬರಹ ಎರಡು ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಆಗ ಸಿಗುವುದು 29 ಸಾಲು. ಐದು ಸಾಲುಗಳು ಪುಕ್ಕಟೆಯಾಗಿ ದೊರೆತವು.

ಐದು ಸಾಲಿನಲ್ಲೇನಿದೆ ಎನ್ನಬೇಡಿ. 27 ಅಥವಾ 28 ಸಾಲು ಬೇಕಾಗುವ ಒಂದು ಅರ್ಜಿ ಮೊದಲನೆಯ ನಮೂನೆಯಲ್ಲಿ ಎರಡನೆಯ ಹಾಳೆಗೆ ಹರಿಯುತ್ತದೆ. ಆ ಎರಡನೆಯ ಹಾಳೆಯಲ್ಲಿ ಸಹಿ, ಸ್ಥಳ, ದಿನಾಂಕಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಒಂದು ಸಂಘಕ್ಕೆ ವರ್ಷದಲ್ಲಿ ಇಂತಹ ಒಂದು ಸಾವಿರ ಅರ್ಜಿಗಳು ಬರುತ್ತವೆ, ಪ್ರತಿಯೊಂದಕ್ಕೂ ಮೂರು ಪ್ರತಿ ಬೇಕು ಎಂದಿಟ್ಟುಕೊಳ್ಳೋಣ. ಮೂರು ಸಾವಿರ ಹಾಳೆ ಸಾಕಾಗುವಲ್ಲಿ ಆರು ಸಾವಿರ ಹಾಳೆ ಹೋಯಿತು. ಚದರ ಮೀಟರಿಗೆ 75 ಗ್ರಾಂ ತೂಗುವ ಸಾಮಾನ್ಯ ಕಾಗದದಲ್ಲಿ ಒಂದು ಎ4 ಹಾಳೆಯ ತೂಕ ಸುಮಾರು 4.7 ಗ್ರಾಂ. ಹೆಚ್ಚುವರಿ ಮೂರು ಸಾವಿರ ಹಾಳೆಗಳೆಂದರೆ ಆರು ರೀಮು, 14 ಕಿಲೋ ಕಾಗದ. ಇದು ಒಂದು ಸಂಘದ, ಒಂದೇ ನಮೂನೆಯ ಲೆಕ್ಕ. ನಿಮ್ಮ ಹೋಬಳಿಯಲ್ಲಿ ಎಷ್ಟು ಸಂಘಗಳಿವೆ, ಒಂದೊಂದರಲ್ಲಿ ಎಷ್ಟು ನಮೂನೆಗಳಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲಾಂಛನ ತಾನು ಕೂತ ಜಾಗವನ್ನು ಮಾತ್ರ ನುಂಗುತ್ತದೆಂದು ನಾವು ತಿಳಿದಿರುತ್ತೇವೆ. ಅದು ನಿಜವಾಗಿ ನುಂಗುವುದು ಎರಡನೆಯ ಹಾಳೆಯನ್ನು.

ಈಗ ಶಾಯಿಯ ಮಾತು. ಲೇಸರ್ ಪ್ರಿಂಟರಿನ ಟೋನರ್ ಎಂಬುದು ಶಾಯಿಯಲ್ಲ, ಪುಡಿ. ಕಪ್ಪು ಬಣ್ಣಕ್ಕೆ ಇಂಗಾಲದ ಮಸಿಯನ್ನು ಬೆರೆಸಿದ ನುಣುಪಾದ ಪ್ಲಾಸ್ಟಿಕ್ ಪುಡಿ. ಅದನ್ನು ಬಿಸಿಯಿಂದ ಕರಗಿಸಿ ಹಾಳೆಗೆ ಅಂಟಿಸಲಾಗುತ್ತದೆ. ಕಾರ್ಟ್ರಿಜ್ ಡಬ್ಬಿಯ ಮೇಲೆ ಇದು 1,500 ಪುಟ ಬರುತ್ತದೆ ಎಂದು ಬರೆದಿರುತ್ತಾರಲ್ಲವೆ? ಆ ಸಂಖ್ಯೆ ಒಂದು ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷಾ ಪುಟವನ್ನು ಅವಲಂಬಿಸಿದೆ. ಆ ಪುಟದಲ್ಲಿ ಕಪ್ಪು ತುಂಬಿರುವ ಭಾಗ ಹಾಳೆಯ ಶೇಕಡಾ 5ರಷ್ಟು ಮಾತ್ರ. ಈಗ ನಮ್ಮ ಲಾಂಛನವನ್ನು ಅಳೆಯೋಣ. ನಾಲ್ಕು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದ, ಪೂರ್ತಿ ಬಣ್ಣ ತುಂಬಿದ ಚೌಕದ ವಿಸ್ತೀರ್ಣ 16 ಚದರ ಸೆಂಟಿಮೀಟರ್. ಇಡೀ ಹಾಳೆಯ ವಿಸ್ತೀರ್ಣ 624 ಚದರ ಸೆಂಟಿಮೀಟರ್. ಅಂದರೆ ಲಾಂಛನ ಒಂದೇ ಶೇಕಡಾ ಎರಡೂವರೆಗೂ ಮಿಕ್ಕಿದ ಭಾಗವನ್ನು ಕಪ್ಪಾಗಿಸಿತು. ಇಡೀ ಪುಟದ ಅಕ್ಷರಗಳಿಗೆ ಬೇಕಾಗುವ ಟೋನರಿನ ಅರ್ಧದಷ್ಟನ್ನು ಈ ಒಂದು ಚಿತ್ರವೇ ಕುಡಿಯಿತು. 1,500 ಪುಟ ಬರಬೇಕಾದ ಕಾರ್ಟ್ರಿಜ್ ಸಾವಿರದ ಆಸುಪಾಸಿನಲ್ಲಿ ಖಾಲಿಯಾದರೆ ಆಶ್ಚರ್ಯವೇನು? ಅದೇ ಲಾಂಛನ ಒಂದೂವರೆ ಸೆಂಟಿಮೀಟರಿನ ಗೆರೆಚಿತ್ರವಾಗಿದ್ದು, ಅದರ ಮೂರನೆಯ ಒಂದು ಭಾಗ ಮಾತ್ರ ಕಪ್ಪಾಗಿದ್ದರೆ ಬೇಕಾಗುವ ಜಾಗ ಮುಕ್ಕಾಲು ಚದರ ಸೆಂಟಿಮೀಟರ್. ಹಾಳೆಯ ಶೇಕಡಾ ಒಂದರ ಎಂಟನೆಯ ಒಂದು ಭಾಗ.

ಖಾಲಿಯಾದ ಕಾರ್ಟ್ರಿಜ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಕೆಲವನ್ನು ಮತ್ತೆ ತುಂಬಿಸುತ್ತಾರೆ. ಉಳಿದವು ಪ್ಲಾಸ್ಟಿಕ್, ಲೋಹ, ಉಳಿಕೆ ಪುಡಿಗಳ ಸಮೇತ ಊರಾಚೆಯ ತಿಪ್ಪೆಯನ್ನು ಸೇರುತ್ತವೆ. ಇನ್ನು ಹಳೆಯ ಕಾಗದವನ್ನು ಕರಗಿಸಿ ಮರಳಿ ಕಾಗದ ಮಾಡುವಾಗ ಮೊದಲು ಅದರ ಮೇಲಿನ ಮಸಿಯನ್ನು ಬೇರ್ಪಡಿಸಬೇಕು. ಮಸಿ ಹೆಚ್ಚಿದಷ್ಟೂ ಆ ಕೆಲಸಕ್ಕೆ ನೀರೂ ಶ್ರಮವೂ ಹೆಚ್ಚು, ಹೊರಬೀಳುವ ಕೆಸರೂ ಹೆಚ್ಚು.

ಹಿಂದಿನ ಮುದ್ರಣಾಲಯಗಳಲ್ಲಿ ಲಾಂಛನಗಳು ಏಕೆ ಚಿಕ್ಕದಾಗಿರುತ್ತಿದ್ದವು ಎಂಬುದನ್ನು ಇಲ್ಲಿರುವ ಹಿರಿಯ ಮುದ್ರಕರು ಬಲ್ಲರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರಕ್ಕೆ ಸತುವಿನ ಬ್ಲಾಕು ಮಾಡಿಸಬೇಕಾಗಿತ್ತು. ಬ್ಲಾಕಿನ ದರ ಚದರ ಅಂಗುಲದ ಲೆಕ್ಕದಲ್ಲಿತ್ತು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಹಣ ಕೊಡಬೇಕಾಗಿತ್ತು. ಹೀಗಾಗಿ ಸಂಘದ ಅಧ್ಯಕ್ಷರೇ ಚಿಕ್ಕ ಬ್ಲಾಕು ಸಾಕು ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮೂಲೆಯನ್ನು ಹಿಡಿದೆಳೆದರೆ ಚಿತ್ರ ದೊಡ್ಡದಾಗುತ್ತದೆ. ಹಾಗೆ ಎಳೆಯುವುದಕ್ಕೆ ಯಾರೂ ಬಿಲ್ಲು ಕೇಳುವುದಿಲ್ಲ. ಅಳತೆಗೆ ಇದ್ದ ಬೆಲೆ ಕಣ್ಣಿಗೆ ಕಾಣದಾಯಿತು, ಆದರೆ ಇಲ್ಲದಾಗಲಿಲ್ಲ. ಕಾಗದ, ಟೋನರುಗಳ ಲೆಕ್ಕದಲ್ಲಿ ಅದು ದಿನವೂ ನಮ್ಮಿಂದ ವಸೂಲಾಗುತ್ತಿದೆ.

ಕಂಪ್ಯೂಟರಿನ ಪ್ರಸ್ತಾಪ ಬಂದದ್ದರಿಂದ ಗಾತ್ರ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದನ್ನೂ ಹೇಳಬೇಕು. ಹಾಳೆಯ ಮೇಲೆ ಚಿತ್ರ ಎಷ್ಟು ಸೆಂಟಿಮೀಟರ್ ಇದೆ ಎಂಬುದು ಒಂದು ಗಾತ್ರ. ಕಡತದಲ್ಲಿ ಅದು ಎಷ್ಟು ಚುಕ್ಕಿಗಳಿಂದ ಕೂಡಿದೆ ಎಂಬುದು ಮತ್ತೊಂದು. ಗೋಡೆಯ ಮೇಲಿನ ನಾಮಫಲಕದ ಲಾಂಛನವನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಅದನ್ನೇ ಅರ್ಜಿಯ ತಲೆಗೆ ಅಂಟಿಸುವುದು ಇಂದು ಎಲ್ಲೆಡೆ ಕಾಣುವ ರೂಢಿ. ಆ ಫೋಟೊ 4,000 ಚುಕ್ಕಿ ಅಗಲ, 3,000 ಚುಕ್ಕಿ ಎತ್ತರ ಇದ್ದರೆ ಅದರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿಗಳಿವೆ. ಚುಕ್ಕಿಯೊಂದಕ್ಕೆ ಮೂರು ಬೈಟಿನಂತೆ ಪ್ರಿಂಟರಿಗಾಗಿ ಬಿಡಿಸಿದಾಗ ಅದು 36 ಮೆಗಾಬೈಟ್ ಆಗುತ್ತದೆ. ಎರಡು ಸೆಂಟಿಮೀಟರ್ ಅಳತೆಯ ಚೌಕ ಲಾಂಛನವನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಪಷ್ಟವಾಗಿ ಮುದ್ರಿಸಲು ಬೇಕಾಗುವುದು 236 ಚುಕ್ಕಿ ಅಗಲ, 236 ಚುಕ್ಕಿ ಎತ್ತರ. ಒಟ್ಟು 56 ಸಾವಿರಕ್ಕೂ ಕಡಿಮೆ. ಬೇಕಾದದ್ದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಭಾರವನ್ನು ಕಡತ ಹೊರುತ್ತಿದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಪರದೆಯ ಮೇಲೆ ಚಿತ್ರದ ಮೂಲೆಯನ್ನು ಒಳಕ್ಕೆ ತಳ್ಳಿದರೆ ಚಿತ್ರ ಚಿಕ್ಕದಾಗಿ ಕಾಣುತ್ತದೆ, ಆದರೆ ಕಡತದ ಭಾರ ಕಡಿಮೆಯಾಗುವುದಿಲ್ಲ. ಆ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿಗಳೂ ಅದೇ ಪುಟ್ಟ ಜಾಗದಲ್ಲಿ ಅಡಕವಾಗಿ ಕುಳಿತಿರುತ್ತವೆ. ಚುಕ್ಕಿಗಳ ಸಂಖ್ಯೆಯನ್ನೇ ಇಳಿಸಬೇಕು. ಅದಕ್ಕೆ ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಇರುವ ಸಾಮಾನ್ಯ ಚಿತ್ರ ತಿದ್ದುವ ಸಲಕರಣೆಯಲ್ಲಿಯೇ ಅಗಲವನ್ನು 236 ಚುಕ್ಕಿಗೆ ಇಳಿಸಿ ಬೇರೊಂದು ಹೆಸರಿನಲ್ಲಿ ಉಳಿಸಿ, ಅದನ್ನು ನಮೂನೆಗೆ ಸೇರಿಸಿದರಾಯಿತು. ಮೂಲಚಿತ್ರವನ್ನು ಮಾತ್ರ ಅಳಿಸದೆ ಪ್ರತ್ಯೇಕವಾಗಿ ಕಾಪಾಡಿಕೊಳ್ಳಬೇಕು. ಏಕೆಂದರೆ ಇಳಿಸಿದ ಚಿತ್ರವನ್ನು ಮತ್ತೆ ಹಿಗ್ಗಿಸಿದರೆ ಅದು ಮಸುಕಾಗುತ್ತದೆ.

ಕಡತದ ಪ್ರಕಾರವೂ ಮುಖ್ಯ. ಜೆಪೆಗ್ ಎಂಬುದು ಛಾಯಾಚಿತ್ರಗಳಿಗೆ ಹೇಳಿಮಾಡಿಸಿದ್ದು. ಗೆರೆ ಮತ್ತು ಅಕ್ಷರಗಳಿಂದ ಕೂಡಿದ ಲಾಂಛನದ ಅಂಚುಗಳಲ್ಲಿ ಅದು ಧೂಳು ಮೆತ್ತಿದಂತಹ ಕಲೆಗಳನ್ನು ಉಳಿಸುತ್ತದೆ. ಪಿಎನ್‌ಜಿ ಪ್ರಕಾರದಲ್ಲಿ ಅಂಚು ಶುದ್ಧವಾಗಿರುತ್ತದೆ. ಬರಿಯ ಕಪ್ಪು ಬಿಳುಪಿನ ಗೆರೆಚಿತ್ರವಾದರೆ ಎರಡು ಸೆಂಟಿಮೀಟರನ್ನು ಅಂಗುಲಕ್ಕೆ 600 ಚುಕ್ಕಿಯಂತೆ ಅತ್ಯಂತ ಸೂಕ್ಷ್ಮವಾಗಿ ಉಳಿಸಿದರೂ 28 ಕಿಲೋಬೈಟ್ ದಾಟುವುದಿಲ್ಲ. ಇನ್ನೂ ಉತ್ತಮವಾದದ್ದು ವೆಕ್ಟರ್ ರೂಪ. ಅದರಲ್ಲಿ ಚುಕ್ಕಿಗಳಿರುವುದಿಲ್ಲ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲಿ ವೃತ್ತ ಬರೆ ಎಂಬ ಸೂಚನೆಗಳು ಮಾತ್ರ ಇರುತ್ತವೆ. ರಸೀದಿಗೂ ಬ್ಯಾನರಿಗೂ ಅದೇ ಕಡತ ಸಾಕು. ಒಮ್ಮೆ ಡಿಟಿಪಿ ಬಲ್ಲವರಿಂದ ನಿಮ್ಮ ಲಾಂಛನವನ್ನು ಈ ರೂಪದಲ್ಲಿ ಬರೆಸಿಟ್ಟುಕೊಂಡರೆ ಅದು ಮಕ್ಕಳ ಕಾಲಕ್ಕೂ ಬರುತ್ತದೆ.

ಇದರಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ಅರವತ್ತು ಪುಟಗಳ ವಾರ್ಷಿಕ ವರದಿಯ ಪ್ರತಿ ಪುಟದಲ್ಲೂ ಅಂತಹ ಭಾರದ ಚಿತ್ರವನ್ನು ಒಂದೊಂದಾಗಿ ಅಂಟಿಸಿದ್ದರೆ ಕಡತ ಇ-ಮೇಲಿನಲ್ಲಿ ಹೋಗುವುದಿಲ್ಲ, ಸರ್ಕಾರದ ಜಾಲತಾಣಕ್ಕೆ ಏರುವುದಿಲ್ಲ, ಹಳೆಯ ಪ್ರಿಂಟರ್ ಒಂದೊಂದು ಪುಟಕ್ಕೂ ನಿಮಿಷಗಟ್ಟಲೆ ಉಸಿರು ಕಟ್ಟಿ ಕೂರುತ್ತದೆ. ಕರೆಂಟು ಹೋಗುವ ಮೊದಲು ಮುದ್ರಣ ಮುಗಿಯದೆ ಅರ್ಧಂಬರ್ಧ ಹಾಳೆಗಳು ಕಸದ ಬುಟ್ಟಿಗೆ ಬೀಳುತ್ತವೆ. ಲಾಂಛನವನ್ನು ಪುಟದ ತಲೆಪಟ್ಟಿಯಲ್ಲಿ ಒಮ್ಮೆ ಮಾತ್ರ ಇಟ್ಟರೆ ಕಂಪ್ಯೂಟರ್ ತಾನೇ ಪ್ರತಿ ಪುಟಕ್ಕೂ ಅದನ್ನು ಬಳಸಿಕೊಳ್ಳುತ್ತದೆ. ವಾಸ್ತವವಾಗಿ ವರದಿಯ ಮೊದಲ ಪುಟದಲ್ಲಿ ಲಾಂಛನ ಇದ್ದರೆ ಸಾಕು. ಎರಡನೆಯ ಪುಟದಿಂದ ಸಂಸ್ಥೆಯ ಹೆಸರು ಮತ್ತು ಪುಟಸಂಖ್ಯೆ ಒಂದು ಸಾಲಿನಲ್ಲಿ ಬಂದರೆ ಓದುಗರಿಗೆ ಯಾವ ಗೊಂದಲವೂ ಆಗುವುದಿಲ್ಲ.

ಹಾಲಿನ ಡೇರಿಗಳ ಕಾರ್ಯದರ್ಶಿಗಳು ಇಲ್ಲಿದ್ದಾರೆ. ಅವರಿಗಾಗಿ ಇನ್ನೊಂದು ಲೆಕ್ಕ. ಯಂತ್ರದಲ್ಲಿ ಹಾಲಿನ ಅಳತೆ, ಜಿಡ್ಡಿನಂಶಗಳನ್ನು ನೋಡಿ ಕೊಡುವ ಚೀಟಿ ಹಲವೆಡೆ ಶಾಖದಿಂದ ಅಚ್ಚಾಗುವ ಥರ್ಮಲ್ ಕಾಗದದ್ದು. ಅದರ ನೆತ್ತಿಯಲ್ಲಿ ಎರಡು ಸೆಂಟಿಮೀಟರಿನ ಲಾಂಛನ ಇದೆ ಎಂದಿಟ್ಟುಕೊಳ್ಳಿ. ಇನ್ನೂರು ಜನ ಹಾಲು ಹಾಕುವ ಸಂಘದಲ್ಲಿ ಬೆಳಿಗ್ಗೆ ಸಂಜೆ ಸೇರಿ ನಾನೂರು ಚೀಟಿ. ಲಾಂಛನಕ್ಕಾಗಿಯೇ ದಿನಕ್ಕೆ ಎಂಟು ಮೀಟರ್ ಸುರುಳಿ ಹರಿದುಹೋಯಿತು. ವರ್ಷಕ್ಕೆ 2,920 ಮೀಟರ್, ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಥರ್ಮಲ್ ಕಾಗದ ಸಾಮಾನ್ಯ ರದ್ದಿಯಂತೆ ಮರುಬಳಕೆಗೆ ಒಗ್ಗುವಂಥದ್ದಲ್ಲ. ಅದರ ಲೇಪನದಲ್ಲಿ ಬಿಸ್‌ಫಿನಾಲ್ ಎಂಬ ರಾಸಾಯನಿಕವನ್ನು ಬಳಸುವ ರೂಢಿಯಿದ್ದು, ಐರೋಪ್ಯ ಒಕ್ಕೂಟವು ಬಿಸ್‌ಫಿನಾಲ್-ಎ ಬಳಕೆಯನ್ನು ಇಂತಹ ಕಾಗದದಲ್ಲಿ 2020ರ ಜನವರಿಯಿಂದ ಕಟ್ಟುನಿಟ್ಟಾಗಿ ಮಿತಿಗೊಳಿಸಿದೆ. ಹಾಲು ಹಾಕಿದವರಿಗೆ ಚೀಟಿಯಲ್ಲಿ ಬೇಕಾದದ್ದು ಲೀಟರ್, ಜಿಡ್ಡು, ದರ, ಮೊತ್ತ. ಸಂಘದ ಹೆಸರು ಒಂದು ಸಾಲಿನಲ್ಲಿದ್ದರೆ ಧಾರಾಳ. ಹಾಗೆ ಉಳಿದ ಜಾಗದಲ್ಲಿ ಅಂಕಿಗಳನ್ನು ವಯಸ್ಸಾದವರ ಕಣ್ಣಿಗೆ ಕಾಣುವಷ್ಟು ದಪ್ಪವಾಗಿ ಮುದ್ರಿಸಿದರೆ ಅದು ಸಂಘಕ್ಕೆ ಗೌರವ ತರುವ ಕೆಲಸ.

ಲಾಂಛನವನ್ನು ಚಿಕ್ಕದು ಮಾಡಿದರೆ ಸಂಸ್ಥೆಯ ಘನತೆ ಕುಂದುತ್ತದೆಯೆ? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಲಾಂಛನ ಎಂಬುದು ಒಂದು ಸಮುದಾಯದ ಹೆಮ್ಮೆ. ಹತ್ತು ಹೆಂಗಸರು ಸೇರಿ ಕಟ್ಟಿದ ಸಂಘಕ್ಕೆ ತನ್ನದೊಂದು ಗುರುತು ಇರುವುದು ಸಂತೋಷದ ಸಂಗತಿಯೇ. ಆದರೆ ಘನತೆ ಅಳತೆಯಿಂದ ಬರುತ್ತದೆಂಬುದಕ್ಕೆ ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ. ನಿಮ್ಮ ತಾಲ್ಲೂಕಿನ ಮಂಕುಂದ ಗ್ರಾಮ ಒಂದು ಕಾಲದಲ್ಲಿ ಗಂಗ ಅರಸರ ನಿವಾಸವಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಗಂಗರ ತಾಮ್ರಶಾಸನಗಳನ್ನು ನೋಡಿದವರಿಗೆ ತಿಳಿದಿರುತ್ತದೆ: ತಗಡುಗಳನ್ನು ಪೋಣಿಸಿದ ಬಳೆಯ ಬೆಸುಗೆಯ ಮೇಲೆ ಆನೆಯ ಚಿತ್ರವಿರುವ ಪುಟ್ಟ ಮುದ್ರೆ. ತಗಡಿನ ಮೈಯೆಲ್ಲ ಬರಹಕ್ಕೆ ಮೀಸಲು: ಯಾರಿಗೆ, ಯಾವ ಊರಿನಲ್ಲಿ, ಯಾವ ಎಲ್ಲೆಗಳ ನಡುವೆ, ಎಷ್ಟು ಭೂಮಿ ಎಂಬ ವಿವರ. ರಾಜ್ಯವಾಳಿದವರಿಗೆ ಬೆರಳುಗಳ ನಡುವೆ ಅಡಗುವ ಮುದ್ರೆ ಸಾಕಾಗಿತ್ತು. ನಾವು ದಿನನಿತ್ಯ ಕೈಯಲ್ಲಿ ಹಿಡಿಯುವ ರೂಪಾಯಿ ನಾಣ್ಯದ ಮೇಲಿನ ಸಿಂಹಗಳನ್ನು ಅವು ಪುಟ್ಟದಾಗಿವೆ ಎಂಬ ಕಾರಣಕ್ಕೆ ಯಾರಾದರೂ ಅಗೌರವದಿಂದ ನೋಡಿದ್ದುಂಟೆ?

ಇಷ್ಟೇ ಅಲ್ಲ, ಚಿಕ್ಕ ಅಳತೆಗೆ ಬೇರೆಯೇ ಚಿತ್ರ ಬೇಕೆಂಬ ವಿವೇಕ ನಮ್ಮ ಕಾನೂನಿನಲ್ಲಿಯೇ ಇದೆ. ಭಾರತದ ರಾಷ್ಟ್ರಲಾಂಛನದ ದುರ್ಬಳಕೆಯನ್ನು ತಡೆಯಲು 2005ರಲ್ಲಿ ಸಂಸತ್ತು ಒಂದು ಅಧಿನಿಯಮವನ್ನು ಮಾಡಿತು. ಅದರ ಅನುಸೂಚಿಯಲ್ಲಿ ಲಾಂಛನದ ಎರಡು ಚಿತ್ರಗಳಿವೆ. ಒಂದು ಸರಳಗೊಳಿಸಿದ್ದು, ಲೇಖನ ಸಾಮಗ್ರಿ, ಮೊಹರು ಮುಂತಾದ ಚಿಕ್ಕ ಅಳತೆಯ ಬಳಕೆಗೆ. ಇನ್ನೊಂದು ಸೂಕ್ಷ್ಮ ವಿವರಗಳುಳ್ಳದ್ದು. ದೊಡ್ಡ ಅಳತೆಯ ಬಳಕೆಗೆ. ರಾಷ್ಟ್ರದ ಲಾಂಛನಕ್ಕೇ ಚಿಕ್ಕದೊಂದು, ದೊಡ್ಡದೊಂದು ರೂಪ ಇರುವಾಗ ನಮ್ಮ ಸಂಘದ ಲಾಂಛನಕ್ಕೆ ಎರಡು ರೂಪಗಳಿರುವುದರಲ್ಲಿ ತಪ್ಪೇನಿದೆ? ಇದೇ ಸಂದರ್ಭದಲ್ಲಿ ಎಚ್ಚರಿಕೆಯ ಒಂದು ಮಾತು. ರಾಷ್ಟ್ರಲಾಂಛನವನ್ನು ಖಾಸಗಿ ಸಂಘ ಸಂಸ್ಥೆಗಳು ತಮ್ಮ ಕಾಗದಗಳ ಮೇಲೆ ಬಳಸುವಂತಿಲ್ಲ. ಕಚೇರಿಗಳು ಬಳಸುವಾಗಲೂ ಅದರ ಅಂಗಗಳನ್ನು ಬಿಡುವುದಾಗಲಿ ತಿರುಚುವುದಾಗಲಿ ಕೂಡದು. ನಮ್ಮ ರಾಜ್ಯ ಲಾಂಛನದ ಗಂಡಭೇರುಂಡ, ಇಕ್ಕೆಲಗಳ ಶರಭಗಳು, ಮೇಲಿನ ಸಿಂಹಗಳು, ಕೆಳಗಿನ ಸತ್ಯಮೇವ ಜಯತೇ ಎಂಬ ವಾಕ್ಯ, ಇವನ್ನೂ ಉದ್ದಕ್ಕೋ ಅಡ್ಡಕ್ಕೋ ಎಳೆದು ವಿಕಾರಗೊಳಿಸಬಾರದು. ಇಂತಹ ಅಧಿಕೃತ ಲಾಂಛನಗಳ ವಿಷಯದಲ್ಲಿ ಮೇಲಧಿಕಾರಿಗಳು ಒದಗಿಸಿದ ಚಿತ್ರವನ್ನೇ, ಅವರು ಹೇಳಿದ ಕ್ರಮದಲ್ಲಿಯೇ ಬಳಸತಕ್ಕದ್ದು. ನಾನು ಹೇಳುತ್ತಿರುವ ಬದಲಾವಣೆಗಳೆಲ್ಲ ನಮ್ಮ ನಮ್ಮ ಸಂಘಗಳ ಸ್ವಂತ ಲಾಂಛನಗಳಿಗೆ ಸಂಬಂಧಿಸಿದವು.

ಲಾಂಛನವನ್ನು ಸರಳಗೊಳಿಸುವುದೆಂದರೇನು? ಹಸು, ತೆನೆ, ಬೆಟ್ಟ, ಉದಯಿಸುವ ಸೂರ್ಯ, ಸುತ್ತಲೂ ವೃತ್ತಾಕಾರದಲ್ಲಿ ಸಂಘದ ಹೆಸರು, ಸ್ಥಾಪನೆಯ ವರ್ಷ, ಕೆಳಗೊಂದು ಧ್ಯೇಯವಾಕ್ಯ ಇರುವ ಚಿತ್ರವನ್ನು ಒಂದೂವರೆ ಸೆಂಟಿಮೀಟರಿಗೆ ಇಳಿಸಿದರೆ ಅಕ್ಷರಗಳು ಇರುವೆಸಾಲಿನಂತೆ ಕಾಣುತ್ತವೆ, ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಚಿಕ್ಕ ರೂಪದಲ್ಲಿ ಅಕ್ಷರಗಳನ್ನು ಚಿತ್ರದಿಂದ ಹೊರತೆಗೆದು ಪಕ್ಕದಲ್ಲಿ ಅಚ್ಚುಕಟ್ಟಾಗಿ ಮುದ್ರಿಸಬೇಕು. ಹಸುವೋ ತೆನೆಯೋ ಮುಖ್ಯವಾದದ್ದೊಂದನ್ನು ಮಾತ್ರ ದಿಟ್ಟವಾದ ಗೆರೆಗಳಲ್ಲಿ ಉಳಿಸಿಕೊಳ್ಳಬೇಕು. ಇದನ್ನು ಚನ್ನಪಟ್ಟಣದ ಕಸುಬುದಾರರಿಗೆ ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. ಹಾಲೆ ಮರದ ತುಂಡು ಪಟ್ಟಡೆಯಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಅವರು ಎರಡು ಉಬ್ಬು, ಎರಡು ಬಣ್ಣ, ಎರಡು ಚುಕ್ಕಿಯಲ್ಲಿ ಒಂದು ಗೊಂಬೆಯನ್ನು ಗುರುತಿಸುವಂತೆ ಮಾಡುತ್ತಾರೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಕಲೆಯ ಮರ್ಮವೇ ಅದು. ಬೇಡದ್ದನ್ನು ಬಿಟ್ಟಾಗಲೇ ಬೇಕಾದದ್ದು ಎದ್ದು ಕಾಣುತ್ತದೆ.

ಈ ಕಾಗದದ ಕಥೆಗೂ ಮಲೆನಾಡಿಗೂ ಏನು ಸಂಬಂಧ ಎಂಬುದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಒಂದು ಲಾಂಛನ ಚಿಕ್ಕದಾದರೆ ಒಂದು ಮರ ಉಳಿಯಿತು ಎಂದು ಘೋಷಣೆ ಕೂಗುವುದು ನನ್ನ ಉದ್ದೇಶವಲ್ಲ. ಇಂದಿನ ಕಾಗದದಲ್ಲಿ ರದ್ದಿಯಿಂದ ಮಾಡಿದ್ದಿದೆ, ಕಬ್ಬಿನ ಸಿಪ್ಪೆಯಿಂದ ಮಾಡಿದ್ದಿದೆ, ರೈತರ ಹೊಲದಲ್ಲಿ ಬೆಳೆದ ಮರದಿಂದ ಮಾಡಿದ್ದೂ ಇದೆ. ಆದರೂ ನಮ್ಮ ಪಶ್ಚಿಮಘಟ್ಟದ ಬಿದಿರುಮೆಳೆಗಳು ಕಾಗದಕ್ಕಾಗಿ ಕರಗಿದ್ದು ಚರಿತ್ರೆ. ದಾಂಡೇಲಿಯಲ್ಲಿ ಕಾಳಿ ನದಿಯ ದಡದ ಕಾರ್ಖಾನೆ, ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಇವುಗಳ ಹಸಿವಿಗೆ ಕಾಡು ಉಣಿಸಬೇಕಾಯಿತು. ಭದ್ರಾವತಿಯ ಕಾರ್ಖಾನೆಗಾಗಿ ಶಿವಮೊಗ್ಗ ಸೀಮೆಯ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ತೋಪುಗಳ ಪ್ರಶ್ನೆ ನಿಲ್ಲಲಿಲ್ಲ. ಆ ಭೂಮಿಯ ನಲವತ್ತು ವರ್ಷಗಳ ಗುತ್ತಿಗೆಯನ್ನು 2020ರಲ್ಲಿ ಮುಂದುವರಿಸಲು ಹೊರಟಾಗ ಮಲೆನಾಡಿನ ಜನ ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಬೀದಿಗಿಳಿದರು. ಬಯಲುಸೀಮೆಯ ನೀವೂ ನೀಲಗಿರಿ ತೋಪುಗಳನ್ನು ಕಂಡವರೇ. ಅಂತರ್ಜಲದ ಕಾರಣದಿಂದ ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಕಾಗದ ಎಲ್ಲಿಂದಲೋ ಬರುವ ವಸ್ತುವಲ್ಲ, ಅದರ ಹಿಂದೆ ಯಾರದೋ ನೆಲ, ಯಾರದೋ ನೀರು ಇದೆ ಎಂಬ ಅರಿವಿರಲಿ. ಆ ಅರಿವಿದ್ದವರಿಗೆ ಎರಡನೆಯ ಹಾಳೆಯ ಮೇಲೆ ಬರಿಯ ಸಹಿಯೊಂದನ್ನು ಹಾಕಿಸಿಕೊಳ್ಳಲು ಮನಸ್ಸು ಬಾರದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೆಲವು ಸೂಚನೆಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಅಳತೆಯ ನಿಯಮವನ್ನು ಸಂಘದ ಸಭೆಯಲ್ಲಿಯೇ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆದಿಡುವುದು. ಲೆಟರ್‌ಹೆಡ್ಡಿಗೆ ಎರಡು ಸೆಂಟಿಮೀಟರ್, ಅರ್ಜಿ ಮತ್ತು ಬಿಲ್ಲಿಗೆ ಒಂದೂವರೆ ಸೆಂಟಿಮೀಟರ್, ಥರ್ಮಲ್ ಚೀಟಿಗೆ ಲಾಂಛನವೇ ಬೇಡ ಎಂಬುದು ನನ್ನ ಸಲಹೆ. ನಿಮ್ಮ ಅನುಕೂಲಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಬರೆದಿಡದ ನಿಯಮ ಹೊಸ ಕಾರ್ಯದರ್ಶಿ ಬಂದೊಡನೆ ಮರೆತುಹೋಗುತ್ತದೆ.

ಎರಡನೆಯದು, ಒಂದೇ ಬಣ್ಣದ ಗೆರೆಚಿತ್ರವನ್ನು ಸಿದ್ಧಪಡಿಸಿಕೊಳ್ಳುವುದು. ಅದನ್ನು ಮುದ್ರಿಸಿ, ಮುದ್ರಿಸಿದ್ದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ ನೋಡಬೇಕು. ಮೂರನೆಯ ಪ್ರತಿಯಲ್ಲೂ ಗುರುತು ಹತ್ತಿದರೆ ಆ ಲಾಂಛನ ಹಳ್ಳಿಯ ಬಳಕೆಗೆ ಗೆದ್ದಿತು. ಬಣ್ಣ ತುಂಬಿದ ಲಾಂಛನಗಳು ಜೆರಾಕ್ಸಿನಲ್ಲಿ ಕರಿಮುದ್ದೆಯಾಗುವುದನ್ನು ನೀವೆಲ್ಲ ಕಂಡಿದ್ದೀರಿ.

ಮೂರನೆಯದು, ಬರಹದ ಹಿನ್ನೆಲೆಯಲ್ಲಿ ತೆಳುವಾಗಿ ದೊಡ್ಡ ಲಾಂಛನವನ್ನು ಮುದ್ರಿಸುವ ಚಾಳಿಯನ್ನು ಬಿಡುವುದು. ತೆಳುವಾದರೂ ಅದು ಇಡೀ ಪುಟದಲ್ಲಿ ಟೋನರ್ ಚೆಲ್ಲುತ್ತದೆ, ಪೆನ್ನಿನ ಬರಹವನ್ನು ಮಸುಕು ಮಾಡುತ್ತದೆ, ಸ್ಕ್ಯಾನ್ ಮಾಡಿದಾಗ ಅಕ್ಷರಗಳನ್ನು ಓದಲು ಬಿಡುವುದಿಲ್ಲ.

ನಾಲ್ಕನೆಯದು, ಅಗತ್ಯಕ್ಕಿಂತ ಹೆಚ್ಚು ಪ್ರತಿಗಳನ್ನು ಒಮ್ಮೆಗೇ ಅಚ್ಚು ಹಾಕಿಸದಿರುವುದು. ಹೆಸರು, ಲಾಂಛನಗಳು ಶಾಶ್ವತವಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕನ್ನಡನಾಡಿನ ಮಣ್ಣಿನಲ್ಲಿ ಹುಟ್ಟಿದ ನಾಲ್ಕು ಹೆಸರುಗಳು ಮೂರೇ ವರ್ಷಗಳಲ್ಲಿ ಚಲನ್, ಚೆಕ್ಕು, ಪಾಸ್‌ಪುಸ್ತಕಗಳ ಮೇಲಿಂದ ಮರೆಯಾದವು. ಆರು ತಿಂಗಳಿಗೆ ಸಾಲುವಷ್ಟು ಅಚ್ಚು ಹಾಕಿಸಿದವರಿಗೆ ಇಂತಹ ಬದಲಾವಣೆಯಿಂದ ನಷ್ಟ ಕಡಿಮೆ.

ಐದನೆಯದು, ಉಳಿದಿರುವ ಹಳೆಯ ನಮೂನೆಗಳನ್ನು ಎಸೆಯದಿರುವುದು. ಸಂಘದ ಸ್ವಂತ ಕಾಗದಗಳಾದರೆ ಜಿಲ್ಲೆಯ ಹೊಸ ಹೆಸರಿನ ಒಂದು ರಬ್ಬರ್ ಮೊಹರು ಮಾಡಿಸಿ ಹಳೆಯ ಹೆಸರಿನ ಪಕ್ಕದಲ್ಲಿ ಒತ್ತಿದರೆ ಅವು ಮುಗಿಯುವವರೆಗೆ ಬಳಸಬಹುದು. ಕಚೇರಿಯ ನಮೂನೆಗಳಾದರೆ ಮೇಲಧಿಕ���ರಿಗಳನ್ನು ಕೇಳಿ ಮಾಡಬೇಕು. ಬಳಸಲಾಗದ ಹಾಳೆಗಳ ಹಿಂಬದಿ ಶಾಲೆಯ ಮಕ್ಕಳ ಅಭ್ಯಾಸಕ್ಕೆ ಒದಗುತ್ತದೆ.

ಆರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಬಹುಮುಖ್ಯವಾದದ್ದು: ಉಳಿತಾಯವಾದ ಜಾಗವನ್ನು ಅರ್ಜಿದಾರರಿಗೆ ಕೊಡುವುದು. ಹೆಸರು ಬರೆಯಲು ಅರ್ಧ ಸಾಲು, ತಂದೆ ಅಥವಾ ಗಂಡನ ಹೆಸರಿಗೆ ಇನ್ನರ್ಧ ಸಾಲು ಕೊಟ್ಟು, ಲಾಂಛನಕ್ಕೆ ನಾಲ್ಕು ಸೆಂಟಿಮೀಟರ್ ಕೊಡುವ ನಮೂನೆ ಯಾರನ್ನು ದೊಡ್ಡವರೆಂದು ಭಾವಿಸಿದೆ? ನಡುಗುವ ಕೈಯಿಂದ ಒಂದೊಂದೇ ಅಕ್ಷರ ಕೂಡಿಸಿ ಬರೆಯುವ ಅಜ್ಜಿಗೆ, ಎಡಗೈ ಹೆಬ್ಬೆಟ್ಟು ಒತ್ತುವ ಅಜ್ಜನಿಗೆ ವಿಶಾಲವಾದ ಜಾಗ ಬೇಕು. ಹೆಬ್ಬೆಟ್ಟಿನ ಗುರುತಿಗೆ ಎರಡೂವರೆ ಸೆಂಟಿಮೀಟರಿನ ಚೌಕವೂ ಇಲ್ಲದ ಅರ್ಜಿಗಳು ಎಷ್ಟಿವೆ ನೋಡಿ. ಅಲ್ಲಿ ಗುರುತು ಪಕ್ಕದ ಅಕ್ಷರಗಳ ಮೇಲೆ ಬಿದ್ದು, ಅರ್ಜಿ ತಿರಸ್ಕೃತವಾಗಿ, ಮತ್ತೊಂದು ಹಾಳೆ, ಮತ್ತೊಂದು ದಿನದ ಕೂಲಿ, ಮತ್ತೊಂದು ಬಸ್ಸಿನ ಖರ್ಚು. ನಮ್ಮ ಸಂಸ್ಥೆಯ ಗುರುತಿಗಿಂತ ನಮ್ಮನ್ನು ನಂಬಿ ಬಂದವರ ಗುರುತು ಹಾಳೆಯ ಮೇಲೆ ಸ್ಪಷ್ಟವಾಗಿ ಮೂಡಲಿ.

ಮಿತ್ರರೆ, ಪರಿಸರದ ಕೆಲಸವೆಂದರೆ ಯಾವಾಗಲೂ ದೊಡ್ಡ ಹೋರಾಟವೇ ಆಗಬೇಕೆಂದಿಲ್ಲ. ಹೋರಾಟಗಳ ಜೊತೆಜೊತೆಗೆ ನಮ್ಮ ಮೇಜಿನ ಮೇಲಿನ ಅಭ್ಯಾಸಗಳೂ ತಿದ್ದುಗೊಳ್ಳಬೇಕು. ಪರಿಸರ ಸಂಘಟನೆಗಳ ಕರಪತ್ರಗಳೂ ಈ ಪರೀಕ್ಷೆಗೆ ಹೊರತಲ್ಲ. ಹಸಿರು ಮರದ ದೊಡ್ಡ ಲಾಂಛನವನ್ನು ಹೊತ್ತ ಕರಪತ್ರ ಮರಕ್ಕೆ ಉಪಕಾರ ಮಾಡಿದಂತಾಗುವುದಿಲ್ಲ. ಇಂದು ಇಲ್ಲಿಂದ ಹೊರಟ ಮೇಲೆ ತಮ್ಮ ಸಂಘದ ಕಪಾಟಿನಿಂದ ಒಂದು ಅರ್ಜಿ, ಒಂದು ರಸೀದಿ, ಒಂದು ವರದಿಯನ್ನು ಹೊರತೆಗೆಯಿರಿ. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಸ್ಕೇಲು ಸಾಕು. ಲಾಂಛನ ಎಷ್ಟು ಸೆಂಟಿಮೀಟರ್, ಅರ್ಜಿದಾರರ ಹೆಸರಿಗೆ ಬಿಟ್ಟ ಜಾಗ ಎಷ್ಟು ಸೆಂಟಿಮೀಟರ್ ಎಂದು ಎರಡು ಅಂಕಿಗಳನ್ನು ಬರೆದುಕೊಳ್ಳಿ. ಮುಂದಿನ ಮಾಸಿಕ ಸಭೆಯಲ್ಲಿ ಆ ಎರಡು ಅಂಕಿಗಳನ್ನು ಎಲ್ಲರ ಮುಂದೆ ಓದಿ ಹೇಳಿ. ಆಮೇಲಿನ ತೀರ್ಮಾನವನ್ನು ಸಭೆಯೇ ಕೈಗೊಳ್ಳುತ್ತದೆ ಎಂಬ ಭರವಸೆ ನನಗಿದೆ.